ಖಾಲಿ ಟ್ಯೂಬಿನಾಗ ಜೋಳ

ನಮ್ಮನ್ಯಾಗ ಉಪ್ಪು ತೀರಿದ್ರ ತೀರಿತು ಅನ್ನಂಗಿಲ್ಲ, ಹೆಚ್ಚಾತು ಅನಬೇಕು. ಎಣ್ಣಿ ಹೆಚ್ಚಾಗೈತಿ, ಬೆಲ್ಲ ಹೆಚ್ಚಾಗೈತಿ. ಕೈಯಾಗಿನ ಬಳಿ ಒಡದ್ರ ಸೈತ ಬಳಿ ಹೆಚ್ಚಾದ್ವು. ಬಾಯಿ ತಪ್ಪಿ ಖಾಲಿ ಅಂತ ಬಂತಂದ್ರ ನಮ್ಮವ್ವ ಕೈಯಾಗಿನ ಸೌಟು ನನ್ನ ಕಡೆ ತಿರುವಿ, "ಬಿಡ್ತು ಅನ್ನು, ಮದ್ಲ ಬಿಡ್ತು ಅನ್ನು" ಅಂತ ಗದ್ದರಸ್ತಿದ್ಲು. ಇಲ್ಲ ಅಂತ ಒಮ್ಮಿ ಅಂದ್ರ ಅದು ಮನಿಗೆ ಕೇಳತೈತಿ, ಆಮ್ಯಾಲ ಖರೇನ ಇಲ್ಲದಂಗ ಆಗತೈತಿ ಅಂತ ಆಕಿ ನಂಬಿಗಿ.

ಬರೇ ಮಾತಿನಾಗಲ್ಲ. ಬಾಜು ಮನಿಯವ್ರ ಬಟ್ಲ ತಿರುಗಿ ಕೊಡುವಾಗ ಒಳಗ ಏನರ ಇರಬೇಕು. ಏನೂ ಸಿಗಲಿಲ್ಲಂದ್ರ ನಾಕು ಜೋಳದ ಕಾಳು, ಇಲ್ಲಂದ್ರ ಚಿಟಿಗಿ ಸಕ್ರಿ. ನಾ ಬಸ್ಸಿಗೆ ಹೊಂಟು ನಿಂತಾಗ ನನ್ನ ನೀರಿನ ಬಾಟ್ಲಿ ಅಲುಗಾಡಿಸಿ ನೋಡ್ತಿದ್ಲು. ಅರ್ಧ ಇದ್ರ ತುಂಬಿಸ್ತಿದ್ಲು. ಟಿಫಿನ್ ಡಬ್ಬಿ ಅಂತೂ ಮುಚ್ಚಳ ಕೂಡಲಾರದಷ್ಟು ತುರುಕ್ತಿದ್ಲು. ಇಂಥ ಮನ್ಯಾಗ ಹುಟ್ಟಿದ ನಾ, ಒಂದು ಖಾಲಿ ಟ್ಯೂಬ್ ಖಾಲಿನ ಇರಬೇಕು ಅಂತ ಜೀವ ಬಿಡೋ ಮಂದಿ ನಡುವ ಹೋಗಿ ಸೇರಿದೆ.

ನಾ ಕೆಲಸ ಮಾಡೋದು ಕಡಲ ದಂಡಿ ಮ್ಯಾಲಿನ ಒಂದು ಸಂಶೋಧನಾ ಲ್ಯಾಬಿನಾಗ. ಬಳಗಾನೂರಿನಾಗ ಬೆಳದಾಕಿ ನಾ. ಕೆನಾಲಿನ ನೀರು ಬಿಟ್ರ ಬ್ಯಾರೆ ದೊಡ್ಡ ನೀರು ಕಂಡಾಕಿನ ಅಲ್ಲ. ಅಲ್ಲಿ ನನ್ನ ಕೆಲಸ ಏನಂದ್ರ, ಬಾಟ್ಲಿಯಾಗ ತಂದ ಕಡಲ ನೀರು ಸೋಸಿ, ಸೋಸು ಕಾಗದದ ಮ್ಯಾಲ ಉಳಿದದ್ರಿಂದ ಡಿಎನ್‌ಎ ತಗದು, ಆ ನೀರಿನಾಗ ಯಾವ್ಯಾವ ಪಾಚಿ, ಯಾವ್ಯಾವ ಕಡಲಸೊಪ್ಪು ಐತಿ ಅಂತ ಪತ್ತೆ ಮಾಡೋದು. ಕಣ್ಣಿಗೆ ಕಾಣಲಾರದ್ದೂ ನೀರಿನಾಗ ತನ್ನ ಚೂರು ಬಿಟ್ಟು ಹೋಗಿರತೈತಿ. ಆ ಚೂರಿನಾಗ ಬರದಿದ್ದನ್ನ ಓದಿದ್ರ ಅದರ ಹೆಸರು ಸಿಗತೈತಿ. ನಮ್ಮವ್ವಗ ಇದನ್ನ ತಿಳಿಸಿ ಹೇಳಾಕ ಹೋಗಿ ನಾ ಹೈರಾಣಾಗಿದ್ದೆ. ಎಲ್ಲಾ ಕೇಳಿಕೊಂಡು ಆಕಿ ಅಂದದ್ದು ಇಷ್ಟ: "ಸಿಂಧನೂರ ಸಂತ್ಯಾಗ ಆ ನಿರಾಶ್ರಿತರ ಕ್ಯಾಂಪಿನ ಬೆಂಗಾಲಿ ಹೆಣಮಕ್ಕಳು ಮೀನಿನ ಬಾಲ ನೋಡಿ ಹೆಸರು ಹೇಳ್ತಾರ. ಅದಕ್ಕ ಮಷಿನ್ ಯಾಕ ಬೇಕಬೇ?"

ಲ್ಯಾಬಿಗೆ ಸೇರಿದ ಹೊಸದರಾಗ ನನ್ನ ಮಾತು ಒಮ್ಮಿ ಭಾರಿ ಗೋಟಾಳಿ ಮಾಡಿತ್ತು. ಡಿಎನ್‌ಎ ತೊಳಿಯಾಕ ಎಥೆನಾಲ್ ಬೇಕಾಗತೈತಿ. ಅದು ತೀರಿತ್ತು. ನಾ ಹೋಗಿ ನಮ್ಮ ಮೇಡಂಗ, ಅಂದ್ರ ಆ ಲ್ಯಾಬಿನ ಮುಖ್ಯಸ್ಥರಿಗೆ, "ಎಥೆನಾಲ್ ಹೆಚ್ಚಾಗೈತ್ರಿ" ಅಂದೆ. ಅವ್ರು ಕಡಲ ಕಡೆಯವ್ರು. "ಒಳ್ಳೇದಾಯ್ತು, ಹಾಗಾದ್ರೆ ಈ ತಿಂಗಳು ತರಿಸುವುದು ಬೇಡ" ಅಂದು ಪಟ್ಟಿಯಾಗಿಂದ ಹೊಡದ ಹಾಕಿದ್ರು. ನಾಕು ದಿನಕ್ಕ ಕೆಲಸ ನಿಂತಿತು. ಸೀಸೆ ತಿರುವಿ ತೋರಿಸಿ, "ನೀನೇ ಹೆಚ್ಚಾಗಿದೆ ಅಂದದ್ದಲ್ವಾ ಮಾರಾಯ್ತಿ?" ಅಂದಾಗ ನನಗ ನೆಲ ಬಿರಿಬಾರದ ಅನ್ನಿಸಿತು. ಯಾಕ ಹಂಗಂದೆ ಅಂತ ಬಿಡಿಸಿ ಹೇಳಿದ ಮ್ಯಾಲ ಅವ್ರು ಮೇಜು ಹಿಡಕೊಂಡು ನಕ್ರು. ಅವತ್ತಿಂದ ಯಾವ ಸೀಸೆ ಬಗ್ಗೆ ಹೇಳಿದ್ರೂ, "ಬಳಗಾನೂರು ಹೆಚ್ಚೋ, ನಮ್ಮ ಹೆಚ್ಚೋ?" ಅಂತ ಕೇಳಿನ ಬರಕೊಳ್ತಿದ್ರು.

ಮದ್ಲ ನಾವು ಬರೇ ಡಿಎನ್‌ಎ ತಗದು ಕೊಡ್ತಿದ್ವಿ. ಅದನ್ನ ಓದಿಸಾಕ ಐಸಿನ ಪೆಟ್ಟಿಗ್ಯಾಗ ಇಟ್ಟು ದೂರದ ಊರಿಗೆ ಕಳಿಸಬೇಕಿತ್ತು. ತಿಂಗಳಗಟ್ಟಲೆ ಕಾಯಬೇಕು, ಅಷ್ಟರಾಗ ಕಡಲಿನ ಬಣ್ಣನ ಬದಲಾಗಿರ್ತಿತ್ತು. ಹಂಗಾಗಿ ನಮ್ಮ ಲ್ಯಾಬಿಗೇ ಡಿಎನ್‌ಎ ಓದೋ ಒಂದು ಸೀಕ್ವೆನ್ಸಿಂಗ್ ಮಷಿನ್ ಬಂತು. ನಮ್ಮನ್ಯಾಗಿನ ಮಿಕ್ಸರಿಗಿಂತ ಸಣ್ಣದು. ಅದಕ್ಕಂತ ಒಂದು ಕೋಣಿ ಕಟ್ಟಿಸಿ, ಎರಡು ಬಾಗಿಲ ಹಚ್ಚಿಸಿ, ಒಳಗ ಒಂದು ಕುರ್ಚಿ ಇಟ್ರು. ಮೇಡಂ ಎಲ್ಲಾರನ್ನೂ ಬಿಟ್ಟು ನನ್ನ ಕರದು, "ಈ ಕುರ್ಚಿ ನಿನ್ನದು. ನಿನ್ನ ಕೈ ನಡುಗುವುದಿಲ್ಲ" ಅಂದ್ರು. ವರ್ಷಗಟ್ಟಲೆ ಬಾಟ್ಲಿ ತೊಳದು, ನೀರು ಸೋಸಿ ಬಂದಾಕಿ ನಾ. ಆ ಕುರ್ಚಿ ನನಗ ಎಷ್ಟು ಬೇಕಾಗಿತ್ತಂದ್ರ, ಅದರ ಮ್ಯಾಲ ಕುಂತ ದಿನ ನಾ ಅವ್ವಗ ಮೂರು ಸಲ ಫೋನ್ ಮಾಡೀನಿ.

ಈಗ ಆ ಖಾಲಿ ಟ್ಯೂಬಿನ ಮಾತು ಹೇಳಬೇಕು. ಪ್ರತಿ ಸರ್ತಿ ಕಡಲ ನೀರಿನ ಟ್ಯೂಬುಗಳ ಜೋಡಿ ಒಂದು ಟ್ಯೂಬಿನಾಗ ಬರೇ ಶುದ್ಧ ನೀರು ಹಾಕಿ ಇಡ್ತೀವಿ. ಉಳಿದ ಟ್ಯೂಬಿಗೆ ಏನೇನು ಮಾಡ್ತೀವೋ ಅದಕ್ಕೂ ಅದನ್ನ ಮಾಡ್ತೀವಿ. ಕಡೀಕ ಮಷಿನ್ ಓದಿದಾಗ ಅದರಾಗ ಯಾವ ಹೆಸರೂ ಬರಬಾರದು. ಬಂತಂದ್ರ ನಮ್ಮ ಕೈ ಹೊಲಸು, ಇಲ್ಲಾ ಗಾಳಿ ಹೊಲಸು, ಇಲ್ಲಾ ನೀರು ಹೊಲಸು ಅಂತ ಅರ್ಥ. ಆಮ್ಯಾಲ ಉಳಿದ ಟ್ಯೂಬಿನ ಮಾತೂ ಯಾರೂ ನಂಬಂಗಿಲ್ಲ. ನಮ್ಮ ಲ್ಯಾಬಿನ ಕೆಲಸ ತಪಾಸಣಿ ಮಾಡಾಕ ಬರೋ ಹೊರಗಿನ ತಜ್ಞರು ಮೊದಲೇ ಹೇಳಿಕಳಿಸಿದ್ರು: ಒಂದರ ಮ್ಯಾಲೊಂದು ಮೂರು ಸರ್ತಿ ಆ ಟ್ಯೂಬ್ ಖಾಲಿ ಬಂದ್ರ ಮಾತ್ರ ನಮ್ಮ ಲ್ಯಾಬಿಗೆ ತಾನ ಓದೋ ಅಧಿಕಾರ.

ಮದಲನೇ ಸರ್ತಿ ಓದಿಸಿದ ದಿನ ಕಂಪ್ಯೂಟರ್ ಮುಂದ ನಾವು ಮೂರು ಮಂದಿ ಇದ್ವಿ: ಮೇಡಂ, ನಾ, ಮತ್ತ ನನ್ನ ಬಾಜು ಮೇಜಿನಾಕಿ. ಕಡಲಿನ ಟ್ಯೂಬುಗಳಾಗ ಚೆಂದಾಗಿ ಪಾಚಿ ಹೆಸರು ಸಾಲುಗಟ್ಟಿ ಬಂದ್ವು. ಖಾಲಿ ಟ್ಯೂಬಿನ ಸಾಲಿನಾಗೂ ಒಂದು ಹೆಸರು ಬಂತು. ಸೊರ್ಗಮ್ ಅಂತ ಶುರುವಾಗೋ ಉದ್ದನ ಹೆಸರು.

"ಇದು ಯಾವ ಪಾಚಿ?" ಅಂದ್ಲು ಬಾಜು ಮೇಜಿನಾಕಿ.

ನನಗ ಗೊತ್ತಿತ್ತು. ಗೊತ್ತಾದ ಕೂಡ್ಲೆ ಕಿವಿ ಬಿಸಿ ಆದ್ವು. "ಜೋಳ," ಅಂದೆ.

ಮೇಡಂ ನಿಧಾನಕ್ಕ ನನ್ನ ಕಡೆ ತಿರುಗಿದ್ರು. ಆಮ್ಯಾಲ ಅವ್ರ ಕಣ್ಣು ಕಿಟಕಿಯಾಚೆ ಊಟದ ಕೋಣಿಯಾಗಿದ್ದ ನನ್ನ ಟಿಫಿನ್ ಡಬ್ಬಿ ಕಡೆ ಹೋದ್ವು. ಅನ್ನ ತಿನ್ನೋ ಆ ದಂಡಿಯಾಗ ಜೋಳ ತರಾಕಿ ಅಂದ್ರ ನಾನೊಬ್ಬಾಕಿನ. ತಿಂಗಳಿಗೊಮ್ಮಿ ಊರಿಗೆ ಹೋಗಿ ಬರುವಾಗ ಅವ್ವ ಖಡಕ್ ರೊಟ್ಟಿ ಕಟ್ಟಿ ಕೊಡ್ತಿದ್ಲು, ಅರಿವಿಯಾಗ ಸುತ್ತಿ, ಮ್ಯಾಲ ಶೇಂಗಾ ಚಟ್ನಿ ಇಟ್ಟು. ಲ್ಯಾಬಿನವ್ರೆಲ್ಲಾ ಮುರಕೊಂಡು ಮುರಕೊಂಡು ತಿಂದಿದ್ರು, ಚಟ್ನಿ ಸಾಕಾಗಲಿಲ್ಲಂತ ನನಗ ಬೈದಿದ್ರು. ತಿನ್ನುವಾಗ ಎಲ್ಲಾರೂ, ಸಿಕ್ಕಿಬಿದ್ದಾಗ ನಾನೊಬ್ಬಾಕಿನ ಕಳ್ಳಿ! ಸಿಟ್ಟು ನೆತ್ತಿಗೇರಿತ್ತು.

ಎರಡನೇ ಸರ್ತಿ ಓದಿಸಿದ್ವಿ, ಮತ್ತ ಜೋಳ. ಮೇಡಂ ನೋಟ್‌ಬುಕ್ ತಿರುವಿ ಒಂದು ಮಾತು ಹಿಡದ್ರು. ನಾ ಊರಿಗೆ ಹೋಗಿ ಬಂದ ವಾರ ಓದಿಸಿದ್ದರಾಗ ಜೋಳ ಜಾಸ್ತಿ, ಹೋಗಿ ಬಂದು ಮೂರು ವಾರದ ಮ್ಯಾಲ ಓದಿಸಿದ್ದರಾಗ ಕಮ್ಮಿ. ರೊಟ್ಟಿ ಗಂಟು ಬರತೈತಿ, ತೀರತೈತಿ, ಅದಕ್ಕ ಹಿಂಗ ಅಂತ ಎಲ್ಲಾರ ತೀರ್ಮಾನ ಆತು. ನನಗೂ ಅದು ಖರೆ ಅನ್ನಿಸಿತು.

ಅವ್ವಗ ಫೋನ್ ಮಾಡಿ ಈ ಸರ್ತಿ ರೊಟ್ಟಿ ಬ್ಯಾಡ ಅಂದೆ.

"ಯಾಕಬೇ, ಮುಗ್ಗಿದ್ವೇನು?"

"ಇಲ್ಲಬೇ, ಹಲ್ಲು ಬ್ಯಾನಿ. ಗಟ್ಟಿದ್ದು ಕಡಿಯಾಕ ಆಗವಲ್ದು."

ಸುಳ್ಳು ಹೇಳಿದೆ. ಖರೆ ಹೇಳಿದ್ರ ಆಕಿ ಮನಸ್ಸಿಗೆ ಹತ್ತತೈತಿ ಅಂತ ಹೆದರಿಕಿ. ಊರಿಗೆ ಹೋದಾಗ ಆಕಿ ರೊಟ್ಟಿ ಬಡಿಲಿಲ್ಲ. ಒಂದು ಹಿಡಿ ಲವಂಗ ಪುಡಕಿ ಕಟ್ಟಿ ಕೊಟ್ಲು, ಹಲ್ಲಿನ ಕೆಳಗ ಇಟ್ಕೋ ಅಂತ. ಡಬ್ಬಿ ತುಂಬ ಅವಲಕ್ಕಿ ತುಂಬಿದ್ಲು, ಮೆತ್ತಗಿರತೈತಿ ಅಂತ. ವಾಪಸ್ ಬಂದು ಮೂರು ಸಲ ಕೈ ತೊಳದು, ತಲಿ ತೊಳದು, ಚಪ್ಪಲ್ ಸೈತ ತೊಳದು ಆ ಕೋಣಿಗೆ ಹೋದೆ. ಓದಿಸಿದ್ರ ಮತ್ತ ಜೋಳ. ಪುಣ್ಯಾಕ ಲವಂಗ ಬಂದಿರಲಿಲ್ಲ.

ಅವತ್ತು ಮೇಡಂ ನಗಲಿಲ್ಲ. ನನ್ನ ಹೊರಗ ವರಾಂಡಾಕ್ಕ ಕರಕೊಂಡು ಹೋಗಿ ಹೇಳಿದ್ರು: "ಮಳೆಗಾಲ ಮುಗಿದ ಮೇಲೆ ತಜ್ಞರು ಬರ್ತಾರೆ. ಇನ್ನೊಂದು ಸಾರಿ ಜೋಳ ಬಂದ್ರೆ ನಿನ್ನನ್ನು ಆ ಕೋಣೆಗೆ ಬಿಡ್ಲಿಕ್ಕೆ ಆಗುವುದಿಲ್ಲ. ಬೇರೆಯವರನ್ನು ಕೂರಿಸ್ಬೇಕು. ಕೋಪ ಅಲ್ಲ ಮಾರಾಯ್ತಿ, ನನಗೆ ಬೇರೆ ದಾರಿ ಇಲ್ಲ." ನಾ ಹೂಂ ಅಂದೆ. ಒಳಗ ಹೋಗಿ ಶೌಚಾಲಯದಾಗ ನಳ ಬಿಟ್ಟು ಅತ್ತೆ. ನನ್ನ ಮೈಯಾಗನ ಏನೋ ದೋಷ ಐತಿ, ಎಷ್ಟು ತೊಳಕೊಂಡ್ರೂ ಹೋಗಲಾರದ್ದು ಅಂತ ಅನ್ನಿಸಾಕತ್ತಿತ್ತು. ಒಂದು ಮಷಿನ್ ಮುಂದ ಕುಂತು ನಮ್ಮೂರಿನಾಕಿ ಅನ್ನಿಸ್ಕೊಳ್ಳಾಕ ನಾಚಿಕಿ ಬರಬೇಕೇನು? ಬಂತು. ಅದು ನೆನಪಾದ್ರ ಈಗ್ಲೂ ನನಗ ನನ್ನ ಮ್ಯಾಲ ಸಿಟ್ಟು.

ಮುಂದಿನ ತಿಂಗಳು ಮತ್ತ ಊರಿಗೆ ಹೋದೆ. ಹುಬ್ಬಳ್ಳಿಯಿಂದ ಲಿಂಗಸುಗೂರು, ಅಲ್ಲಿಂದ ಮಸ್ಕಿ, ಮಸ್ಕಿಯಿಂದ ನಮ್ಮೂರು. ನಾಟಿ ದಿನಗಳು. ಗದ್ದಿ ತುಂಬ ನೀರು, ಬಸ್ಸಿನ ತುಂಬ ಕೆಸರು ಕಾಲಿನ ಹೆಣಮಕ್ಕಳು. ಕೈಚೀಲದಾಗ ಯಾವತ್ತಿನಂಗ ನನ್ನ ಎರಡೂ ಬಿಳಿ ಕೋಟು ಇದ್ವು. ಲ್ಯಾಬಿನಾಗ ಆಗ ನಮ್ಮ ನಮ್ಮ ಕೋಟು ನಾವ ಒಗಕೊಂಡು ತರೋ ರೂಢಿ. ನಮ್ಮವ್ವ ಅವನ್ನ ನನಗ ಮುಟ್ಟಾಕ ಬಿಡ್ತಿರಲಿಲ್ಲ. "ನಿನಗ ಬಿಳಿ ಅರಿವಿ ಒಗಿಯಾಕ ಬರಂಗಿಲ್ಲ, ತಾ ಇಲ್ಲಿ" ಅಂತ ಇಸಕೊಳ್ತಿದ್ಲು. ನನಗೂ ಅಷ್ಟ ಬೇಕಾಗಿತ್ತು.

ಮರುದಿನ ಮುಂಜಾನಿ ಹಿತ್ತಲ ಬಾಗಿಲದಾಗ ಕುಂತು ಚಾ ಕುಡಿಯಾಕತ್ತಿದ್ದೆ. ಅವ್ವ ಒಲಿ ಮ್ಯಾಲ ಬೋಗಾಣಿ ಇಟ್ಟು ಏನೋ ತಿರುವಾಕತ್ತಿದ್ಲು. ಅಂಬಲಿ ಅಂತ ಮಾಡಿದ್ದೆ ನಾ. ಕೆಳಗ ಇಳಿಸಿ, ಹಳೇ ಸೀರಿ ತುಂಡಿನಾಗ ಸೋಸಿ, ಬಕೀಟಿಗೆ ಹಾಕಿ, ತಣ್ಣೀರು ಬೆರಸಿ, ಒಂದು ಕೋಟು ಅದರಾಗ ಅದ್ದಿದ್ಲು. ಹಿಂದಿನ ದಿನ ನಾ ಬಂದ ಕೂಡ್ಲೆ ಒಗದು ಒಣಗಿಸಿದ ಇನ್ನೊಂದು ಕೋಟು ಹಗ್ಗದ ಮ್ಯಾಲ ತಗಡಿನಂಗ ನಿಂತಿತ್ತು. ಇಸ್ತ್ರಿಗೆ ಮದ್ಲ ಅದನ್ನ ಮೆತ್ತಗ ಮಾಡಬೇಕಲ್ಲ, ತಗದು ಪಟಪಟ ಅಂತ ಝಾಡಿಸಿದ್ಲು. ಎಳೇ ಬಿಸಿಲಿನಾಗ ತೋಳಿನಿಂದ ಸಣ್ಣ ಬಿಳಿ ದೂಳು ಎದ್ದು ನನ್ನ ಚಾದ ಮ್ಯಾಲ ಬಂದು ಕುಂತಿತು.

ನಾ ಆ ಲೋಟ ನೋಡಿದೆ. ಬಕೀಟು ನೋಡಿದೆ. "ಯವ್ವಾ, ಅದು ಏನ ಗಂಜಿ?"

"ಜ್ವಾಳದ್ದು. ಮತ್ಯಾವ್ದು?"

ಊರು ತುಂಬ ನೆಲ್ಲು. ಓಣಿ ಹೆಣಮಕ್ಕಳೆಲ್ಲಾ ಅಕ್ಕಿ ಗಂಜಿ ಹಾಕೋರು. ಆದ್ರ ನಮ್ಮವ್ವ ಗುರುಗುಂಟಾದ ಎರಿಹೊಲದ, ಜೋಳ ಬೆಳಿಯೋ ಕಡೆಯಾಕಿ. ಅಕ್ಕಿ ಗಂಜಿಗೆ ಜೀವ ಇಲ್ಲ, ಎರಡು ದಿನಕ್ಕ ಜೋತು ಬೀಳತೈತಿ, ಜೋಳದ ಗಂಜಿನ ಗಂಜಿ ಅಂತ ಆಕಿ ಹಟ. ಇಷ್ಟು ವರ್ಷ ಆ ಕೋಟು ಹಾಕ್ಕೊಂಡಾಕಿ ನಾ. ಗಂಜಿ ಇಳಿದು ಹೋದೀತು ಅಂತ ಅಲ್ಲಿ ನೀರಿಗೆ ಹಾಕದ, ಬರೇ ಝಾಡಿಸಿ ಹಾಕ್ಕೊಳ್ತಿದ್ದೆ; ವಾರ ಕಳದಂಗ ಗಂಜಿ ಉದುರಿ ಕಮ್ಮಿ ಆಗ್ತಿತ್ತು. ಖಾಲಿ ಟ್ಯೂಬಿನ ಮುಚ್ಚಳ ತಗದಾಗೆಲ್ಲಾ ಅದರ ಮ್ಯಾಲ ನನ್ನ ತೋಳು ಇರ್ತಿತ್ತು.

ತಡಕೊಳ್ಳಬೇಕಿತ್ತು ನಾ. ತಡಕೊಳ್ಳಲಿಲ್ಲ. "ನಿನಗ ಯಾರು ಹೇಳಿದ್ರಬೇ ಗಂಜಿ ಹಾಕು ಅಂತ? ನಿನ್ನಿಂದ ನನ್ನ ಕುರ್ಚಿ ಹೊಂಟೈತಿ! ಅಲ್ಲಿ ಮಂದಿ ಮುಂದ ನನ್ನ ಇಜ್ಜತ್ ಹೋತು!" ಅಂತ ಓಣಿಗೆ ಕೇಳೋ ಹಂಗ ಒದರಿದೆ. ಖಾಲಿ ಟ್ಯೂಬು, ಜೋಳ, ಮೇಡಂ ಅಂದ ಮಾತು ಎಲ್ಲಾ ಒಂದ ಉಸಿರಿನಾಗ ಹೇಳಿದೆ. ಹಲ್ಲು ಬ್ಯಾನಿ ಸುಳ್ಳು ಅನ್ನೋದೂ ಹೊರಗ ಬಂತು.

ಅವ್ವ ಒದ್ದಿ ಕೋಟು ಕೈಯಾಗ ಹಿಡಕೊಂಡ ನಿಂತಿದ್ಲು. ಮೊಳಕೈಯಿಂದ ಗಂಜಿ ತಟತಟ ಸೋರಾಕತ್ತಿತ್ತು. ಕಡೀಕ ಒಂದ ಮಾತು ಕೇಳಿದ್ಲು: "ಗಂಜಿ ಹೊಲಸೇನಬೇ?"

"ನಮ್ಮ ಲ್ಯಾಬಿಗೆ ಹೊಲಸ."

"ಹಿಟ್ಟು ಎರಡು ಸಲ ಸಾಣಿಸಿ ಹಾಕಿದ್ದೆ," ಅಂದ್ಲು. ಅಷ್ಟ ಅಂದು ಬಕೀಟಿನ ಗಂಜಿ ಎತ್ತಿ ಬೇವಿನ ಗಿಡದ ಬುಡಕ್ಕ ಸುರುವಿದ್ಲು.

ಆಮ್ಯಾಲ ಇಡೀ ದಿನ ಆಕಿ ಆ ಎರಡು ಕೋಟು ತೊಳದ್ಲು. ಕುದಿ ನೀರಿನಾಗ ಹಾಕಿದ್ಲು, ತಿಕ್ಕಿದ್ಲು, ಹಿಂಡಿದ್ಲು, ಮತ್ತ ಕುದಿ ನೀರು ಕಾಸಿದ್ಲು. ಪ್ರತಿ ಸಲ ಹಿಂಡಿದ ನೀರು ಗಾಜಿನ ಲೋಟದಾಗ ಹಿಡದು ನನ್ನ ಹಂತೇಕ ತರೋಳು. "ನೋಡು, ತಿಳಿ ಆತೇನು? ಇನ್ನ ಜ್ವಾಳ ಐತೇನು?" ಅದು ಕಣ್ಣಿಗೆ ಕಾಣಂಗಿಲ್ಲಬೇ ಅಂದ್ರ ಆಕಿಗೆ ತಿಳೀವಲ್ದು. ಕುದಿಸಿದ್ರ ಸಾಯಂಗಿಲ್ಲೇನು ಅಂತ ಕೇಳಿದ್ಲು. ಚೂರುಚೂರಾಗತೈತಿ, ಆ ಚೂರು ಸಾಕು ಮಷಿನ್ನಿಗೆ ಅಂದೆ. ಆಕಿ ಕೈ ನೋಡಿದೆ. ಬೆರಳು ನೆನದು ಬೆಳ್ಳಗಾಗಿ ಸುಕ್ಕಾಗಿದ್ವು. ತಪ್ಪಾತು ಅನ್ನೋ ಬದ್ಲಿ ಲೋಟ ಇಸಕೊಂಡು ನೀರು ಚೆಲ್ಲಿದೆ. ಹಟಮಾರಿ ನಾ, ಸಣ್ಣಾಕಿದ್ದಾಗಿಂದ ಹಂಗ.

ಸಂಜಿಮುಂದ ಕೋಟು ಹಗ್ಗಕ್ಕ ಹಾಕಿ ಬಂದು ನನ್ನ ಬಾಜು ಕುಂತು ತಾನ ಮಾತು ಶುರು ಮಾಡಿದ್ಲು. ಗುರುಗುಂಟಾದಾಗ ಸಾಲಿಗೆ ಹೋಗುವಾಗ ಆಕಿಗೆ ಇದ್ದದ್ದು ಒಂದ ಬಿಳಿ ಅಂಗಿ. ಆಕಿ ಅವ್ವ, ಅಂದ್ರ ನಮ್ಮ ಅಮ್ಮಮ್ಮ, ಐತವಾರಕ್ಕೊಮ್ಮಿ ಅದಕ್ಕ ಜೋಳದ ಗಂಜಿ ಹಾಕಿ, ಹಿತ್ತಾಳಿ ತಂಬಿಗಿಯಾಗ ಕೆಂಡ ತುಂಬಿ ಇಸ್ತ್ರಿ ತಿಕ್ಕಿ ಕೊಡ್ತಿದ್ಲಂತ. ಆ ಅಂಗಿ ಹಾಕ್ಕೊಂಡು ಹೋದ್ರ ಮಾಸ್ತರು ಆಕಿನ್ನ ಮುಂದಿನ ಸಾಲಿನಾಗ ಕುಂದರಸ್ತಿದ್ರಂತ. ನಾಕನೇ ಇಯತ್ತೆ ಮುಗಿಯೋದ್ರಾಗ ಸಾಲಿ ಬಿಡಿಸಿದ್ರು. "ನಿನ್ನ ಕೋಟಿಗೆ ಗಂಜಿ ಹಾಕುವಾಗ ನಾನ ಸಾಲಿಗೆ ಹೊಂಟಂಗ ಆಗ್ತಿತ್ತು. ಅಷ್ಟ ನೋಡವಾ. ನನಗ ಗೊತ್ತಾಗಲಿಲ್ಲ, ನಿನ್ನ ಮುಂದಿನ ಸಾಲಿನಿಂದ ನಾನ ಎಬ್ಬಸಾಕತ್ತೀನಿ ಅಂತ," ಅಂದ್ಲು. ನನಗ ಆಕಿ ಮಾರಿ ನೋಡಾಕ ಆಗಲಿಲ್ಲ. ಎದ್ದು ಎಮ್ಮಿಗೆ ಮೇವು ಹಾಕಾಕ ಹೋದೆ, ಅವ್ವ ಆಗಲೇ ಹಾಕ್ಯಾಳ ಅನ್ನೋದು ಗೊತ್ತಿದ್ದೂ.

ಮರುದಿನ ಹೊಂಟೆ. ಕೋಟು ಹೊಸ ಪ್ಲಾಸ್ಟಿಕ್ ಚೀಲದಾಗ ಸುತ್ತಿ ಕೊಟ್ಲು. ಮೆತ್ತಗ, ಜೋತು ಬಿದ್ದಿದ್ವು. ಡಬ್ಬಿ ಕೈಚೀಲದ ತಳಕ್ಕ ತಾನ ಇಟ್ಲು. ಬಸ್ ಬಂದ ಗಡಿಬಿಡಿಯಾಗ ನೀರಿನ ಬಾಟ್ಲಿ ಮಾತ್ರ ಅಲುಗಾಡಿಸಿ ನೋಡಿದ್ಲು.

ಲಿಂಗಸುಗೂರು ಬಸ್‌ಸ್ಟ್ಯಾಂಡಿನಾಗ ಹುಬ್ಬಳ್ಳಿ ಬಸ್ ತಡ ಆತು. ಹೊಟ್ಟಿ ಹಸಿದಿತ್ತು. ಕಲ್ಲಿನ ಕಟ್ಟಿ ಮ್ಯಾಲ ಕುಂತು ಡಬ್ಬಿ ತಗದೆ. ಹಗುರ ಅನ್ನಿಸಿತು. ಮುಚ್ಚಳ ಬಿಚ್ಚಿದೆ. ಒಳಗ ಏನೂ ಇರಲಿಲ್ಲ. ತಿಕ್ಕಿ ತೊಳದು, ಒರಸಿ, ಬಿಸಿಲಿಗೆ ಒಣಗಿಸಿ ಇಟ್ಟಿದ್ಲು. ಕೆಳಗಿನ ಡಬ್ಬಿ ತಗದೆ. ಅದೂ ಹಂಗ ಇತ್ತು. ಒಂದು ಕಾಳಿಲ್ಲ, ಒಂದು ಚಿಟಿಗಿ ಸಕ್ರಿ ಇಲ್ಲ. ಹುಟ್ಟಿದಾಗಿಂದ ಯಾರಿಗೂ ಒಂದು ಬಟ್ಲ ಖಾಲಿ ಕೊಡಲಾರದ ಹೆಣಮಗಳು ತನ್ನ ಮಗಳಿಗೆ ಖಾಲಿ ಡಬ್ಬಿ ಕೊಟ್ಟು ಕಳಿಸಿದ್ಲು, ಎಲ್ಲಿ ತನ್ನ ಕೈಯಿಂದ ಮತ್ತ ಏನರ ಅಂಟೀತೋ ಅಂತ ಹೆದರಿ.

ಅಲ್ಲೇ ಕುಂತು ಅತ್ತೆ, ಎಲ್ಲಾರ ಮುಂದ, ಮಾರಿ ಮುಚ್ಕೊಳ್ಳಾಕ ಸೆರಗಿಲ್ಲ ಏನಿಲ್ಲ. ಬಾಜು ಬುರ್ಖಾ ಹಾಕ್ಕೊಂಡು ಕುಂತಿದ್ದ ವಯಸ್ಸಾದ ಹೆಣಮಗಳೊಬ್ಬಾಕಿ ಮೈ ಮುಟ್ಟಿ ಕೇಳಿದ್ಲು: "ಕ್ಯಾ ಹುವಾ ಬೇಟಾ, ಡಬ್ಬಿ ತುಂಬಿಸ್ಕೊಳ್ಳೋದು ಮರತಿಯೇನು?"

"ಇಲ್ರೀ. ನಮ್ಮವ್ವನ ಖಾಲಿ ಕೊಟ್ಟಾಳ."

ಆಕಿ ಡಬ್ಬಿ ನೋಡಿದ್ಲು, ನನ್ನ ಮಾರಿ ನೋಡಿದ್ಲು. ನಮ್ಮಿಬ್ಬರ ನಡುವ ಏನೋ ದೊಡ್ಡ ಜಗಳ ಆಗೈತಿ ಅಂತ ತಿಳಕೊಂಡ್ಲು ಅಂತ ಕಾಣತೈತಿ. ಏನೂ ಕೆದಕಲಿಲ್ಲ. ತನ್ನ ಚೀಲದಾಗಿಂದ ಎರಡು ಬಾಳಿಹಣ್ಣು ತಗದು ಡಬ್ಬ್ಯಾಗ ಇಟ್ಟು ಮುಚ್ಚಳ ಹಾಕಿದ್ಲು. "ಖಾಲಿ ಒಯ್ಯಬಾರದವ್ವ," ಅಂದ್ಲು. ಬಸ್ ಬಂತು, ಆಕಿ ಯಾವ ಊರಿನಾಕಿ ಅಂತ ಕೇಳೋದೂ ಆಗಲಿಲ್ಲ.

ಲ್ಯಾಬಿಗೆ ಹೋದ ಕೂಡ್ಲೆ ಮೇಡಂಗ ಎಲ್ಲಾ ಹೇಳಿದೆ. ಅವ್ರು ಎಲ್ಲಾ ಕೇಳಿ, ನನ್ನ ಮೇಜಿನ ಖಾನೆಯಾಗ ಉಳಿದಿದ್ದ, ಅವ್ವ ಗಂಜಿ ಹಾಕಿದ್ದ ಹಳೇ ಕೋಟಿನ ಸೊಂಟದ ಪಟ್ಟಿಯಿಂದ ಒಂದು ಎಳಿ ಕತ್ತರಿಸಿ ಟ್ಯೂಬಿಗೆ ಹಾಕಿ ಓದಿಸಿದ್ರು. ಜೋಳ ಸುರಿದು ಬಿತ್ತು. ಬಾಜು ಮೇಜಿನಾಕಿ ಕಿಸಿಕಿಸಿ ನಕ್ಕಳು. ಮೇಡಂ ಆಕಿ ಕೋಟಿನದೂ ಒಂದು ಎಳಿ ಹಾಕಿಸಿದ್ರು. ಅಕ್ಕಿ, ಅದರ ಜೋಡಿ ತೆಂಗು! ನಗೋ ಸರದಿ ನಂದಾತು. ಇಷ್ಟು ದಿನ ಆಕಿ ಖಾಲಿ ಟ್ಯೂಬಿನ ಮುಚ್ಚಳ ತಗದಿರಲಿಲ್ಲ, ಅದಕ್ಕ ಬಚಾವಾಗಿದ್ಲು. ಅವತ್ತ ಮೇಡಂ ಹೊಸ ಕಾಯ್ದೆ ಮಾಡಿದ್ರು: ಮನಿ ಕೋಟು ಕೋಣಿ ಹೊರಗ, ಒಳಗ ಲ್ಯಾಬಿನಾಗ ತೊಳದದ್ದು ಮಾತ್ರ, ಅದರ ಮ್ಯಾಲ ಒಮ್ಮಿ ಹಾಕಿ ಬಿಸಾಡೋ ತೆಳು ಗೌನು.

"ನಿನ್ನ ಅಮ್ಮನಿಗೆ ಹೇಳು," ಅಂದ್ರು ಮೇಡಂ, "ನಮ್ಮ ಮಷಿನ್ ಎಷ್ಟು ಚುರುಕು ಉಂಟು ಅಂತ ತೋರಿಸಿಕೊಟ್ಟದ್ದು ಅವರೇ." ನಾ ಆ ಮಾತು ಅವ್ವಗ ಹೇಳಲಿಲ್ಲ. ಕೆಲಸ ಆಗೋತನಕ ಯಾವ ಮುಖ ಇಟ್ಕೊಂಡು ಹೇಳಲಿ? ಫೋನಿನಾಗ ಆಕಿನೂ ಆ ಸುದ್ದಿ ಎತ್ತತಿರಲಿಲ್ಲ. ಉಂಡೇನು, ಮಳಿ ಐತೇನು, ಇಷ್ಟ. ದಿನಾ ಇಡೋಕಿಂತ ಜಲ್ದ ಫೋನ್ ಇಡಾಕತ್ತಿದ್ಲು.

ಮದಲನೇ ಟ್ಯೂಬ್ ಖಾಲಿ ಬಂತು. ಎರಡನೇದೂ ಬಂತು. ಮೂರನೇದು ಓದಿಸೋ ದಿನ ತಜ್ಞರು ಇನ್ನೂ ವರಾಂಡಾದಾಗ ಎಳನೀರು ಕುಡಿಯಾಕತ್ತಿದ್ರು. ಮೇಡಂ ನನ್ನ ಹಿಂದ ನಿಂತಿದ್ರು, ನಾ ಆ ಕುರ್ಚಿ ಮ್ಯಾಲ. ಕಡಲಿನ ಟ್ಯೂಬುಗಳ ಹೆಸರು ಒಂದೊಂದ ಇಳಿದು ಬಂದ್ವು. ಖಾಲಿ ಟ್ಯೂಬಿನ ಸಾಲು ಬಂತು. ಹಂಗ ಬಿಳಿ ಉಳೀತು. ನಾ ಕಣ್ಣು ಮಿಟುಕಿಸದ ನೋಡಿದೆ, ಮತ್ತ ಹೊಸದಾಗಿ ತಗಸಿ ನೋಡಿದೆ. ಬಿಳಿನ ಇತ್ತು.

"ಹೆಚ್ಚಾಯ್ತಲ್ವಾ ಮಾರಾಯ್ತಿ?" ಅಂದ್ರು ಮೇಡಂ ನನ್ನ ಭುಜದ ಮ್ಯಾಲ ಕೈ ಇಟ್ಟು. "ಬಳಗಾನೂರು ಹೆಚ್ಚು."

ಖುಷಿ ಆತು, ಭಾಳ ಆತು. ಅದರ ಜೋಡಿ ಎದ್ಯಾಗ ಒಂದು ಕಡೆ ಕುಟುಕಿತು. ಮೂರು ಸರ್ತಿ ನಾ ಬೈಕೊಂಡು ನೋಡಿದ ಆ ಒಂದು ಹೆಸರು ಅಲ್ಲಿರಲಿಲ್ಲ. ಅದು ಬಳಗಾನೂರಿನ ಹಿತ್ತಲದಿಂದ ನನ್ನ ತೋಳು ಹಿಡಕೊಂಡು ಕಡಲತನಕ ಬಂದಿತ್ತು ಅನ್ನೋದು ನನಗ ಆಗ ಹೊಳೀತು. ಹೊರಗ ಬಂದು, ಗೌನು ಬಿಚ್ಚಿ, ಅವ್ವಗ ಫೋನ್ ಹಚ್ಚಿದೆ.

"ಯವ್ವಾ, ಟ್ಯೂಬ್ ಹೆಚ್ಚಾತು."

ಆ ಕಡೆ ಒಲಿ ಮ್ಯಾಲ ಏನೋ ಕುದಿಯೋ ಸಪ್ಪಳ ಕೇಳಾಕತ್ತಿತ್ತು.

"ಖರೇನು? ಮೂರೂನು?"

"ಮೂರೂ. ಕುರ್ಚಿ ನಂದ."

"ಜ್ವಾಳ ಬರಲಿಲ್ಲಲ್ಲ?"

"ಒಂದು ಕಾಳೂ ಬರಲಿಲ್ಲ."

"ನಂದು ಏನೂ ಇರಲಿಲ್ಲಲ್ಲ ಅದರಾಗ?"

"ಇರಲಿಲ್ಲಬೇ," ಅಂದೆ. ಅಂದು, ಅವತ್ತು ಹಿತ್ತಲದಾಗ ಹೇಳಬೇಕಾಗಿದ್ದ ಮಾತು ಆಗ ಹೇಳಿದೆ. "ತಪ್ಪಾತು ಯವ್ವಾ. ನಿನಗ ಹಂಗ ಅನಬಾರದಾಗಿತ್ತು ನಾ."

ಫೋನಿನಾಗ ಮೂಗು ಏರಿಸಿಕೊಂಡ ಸಪ್ಪಳ ಮಾತ್ರ ಬಂತು.

"ಹಂಗಾರ," ಅಂದ್ಲು, "ಇನ್ನ ಮ್ಯಾಲ ಡಬ್ಬಿ ತುಂಬಿ ಕೊಡಬಹುದಲ್ಲ?"